ಮಳೆಗಾಲದಲ್ಲಿ ಆಸ್ಪತ್ರೆ ವಾರ್ಡಿನ ಕಸ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ, ಮರ ಬಿದ್ದು ರಸ್ತೆ ಕಟ್ಟಿದರೆ ಕಸ ಒಯ್ಯುವ ಗಾಡಿ ತಡವಾಗುತ್ತೆ. ಆಸ್ಪತ್ರೆ ಕಸದ 2016ರ ನಿಯಮದ ಪ್ರಕಾರ ರಕ್ತ ಹತ್ತಿದ ಕಸ, ಮಾಸು (ಹೆರಿಗೆಯಲ್ಲಿ ಮಗುವಿನ ನಂತರ ಬರುವುದು) ಇವನ್ನು 48 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಗಾಡಿ ಬರದಿದ್ದರೆ ಕೂಡಲೇ ನನಗೆ ಹೇಳಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಾರಣ ಸಮೇತ ತಿಳಿಸಬೇಕು. ಹಿತ್ತಲಲ್ಲಿ ಸುಡುವುದು, ಗುಂಡಿ ತೋಡಿ ಹೂಳುವುದು ದಯವಿಟ್ಟು ಬೇಡ. ಇಲ್ಲಿನ ನೀರೆಲ್ಲ ಹಳ್ಳಕ್ಕಿಳಿದು ತುಂಗೆಗೆ ಸೇರುತ್ತೆ.

ರಕ್ತದ ಹತ್ತಿ, ಬ್ಯಾಂಡೇಜು, ಮಾಸು, ಅವಧಿ ಮುಗಿದ ಮಾತ್ರೆ ಹಳದಿ ಚೀಲಕ್ಕೆ. ಡ್ರಿಪ್ ಪೈಪು, ಗ್ಲೌಸು, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ. ಒಡೆದ ಗಾಜು, ಆಂಪೂಲು (ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಶೀಷೆ) ನೀಲಿ ಡಬ್ಬಿಗೆ. ಡ್ರಿಪ್ ಪೈಪು ಹಳದಿಗೆ ಬೀಳದಂತೆ ನೋಡಿಕೊಳ್ಳಿ: ಹಳದಿ ಚೀಲ ಕಸ ಸುಡುವ ಭಟ್ಟಿಗೆ ಹೋಗುತ್ತೆ, ಪೈಪಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ವಿಷ ಹುಟ್ಟುತ್ತೆ.

ಇನ್ನು ಸೂಜಿ. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡಿ, ನೇರ ಬಿಳಿ ಡಬ್ಬಿಗೆ ಹಾಕಿ. ಮುಕ್ಕಾಲು ತುಂಬಿದರೆ ಮುಚ್ಚಿಬಿಡಿ. ಚೀಲದಲ್ಲಿ ಒಂದೇ ಸೂಜಿ ಉಳಿದರೂ ಅದು ಚುಚ್ಚುವುದು ಚೀಲ ಎತ್ತುವ ಕ್ಲೀನಿಂಗ್ ಅಕ್ಕಂದಿರ ಕೈಗೆ. ನನಗೆ ತುಂಬ ನೋವಾಗುವ ವಿಷಯ ಇದೇ.

ಚುಚ್ಚಿದರೆ ಗಾಯ ಹಿಂಡಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಡ್ಯೂಟಿ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ.

ಹೆಪಟೈಟಿಸ್ ಬಿ ಲಸಿಕೆಯ 3 ಡೋಸು ಪೂರ್ತಿ ಆಗದವರು ಈ ವಾರವೇ ಹೆಸರು ಕೊಡಿ.