ಫಿಶ್ ಫೈಂಡರ್ ಬದಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ದೋಣಿಯ ಹಳೆಯ ಫಿಶ್ ಫೈಂಡರ್ (ನೀರಿನಡಿಯ ಮೀನು, ಆಳ ತೋರಿಸುವ ಯಂತ್ರ), ಜಿಪಿಎಸ್ ತೆಗೆದು ಹೊಸದು ಹಾಕಿಸುವ ಯೋಚನೆ ಇರುವವರು ಇದನ್ನು ಓದಿ.

ಮೊದಲು ಹಳೆಯದರಲ್ಲಿ ಗುರುತು ಮಾಡಿಟ್ಟ ಜಾಗಗಳನ್ನು, ಅಂದರೆ ವೇಪಾಯಿಂಟ್‌ಗಳನ್ನು ಮೆಮೊರಿ ಕಾರ್ಡ್‌ಗೆ ಇಳಿಸಿಕೊಳ್ಳಿ. ಜಿಪಿಎಕ್ಸ್ (ಜಾಗದ ಗುರುತುಗಳನ್ನು ಇಡುವ ಒಂದು ಬಗೆಯ) ಫೈಲ್ ಆದರೆ ಬೇರೆ ಕಂಪನಿಯ ಯಂತ್ರವೂ ಸಾಮಾನ್ಯವಾಗಿ ಓದುತ್ತದೆ. ನಾನು ಇದನ್ನು ಮರೆತು, ವರ್ಷಗಟ್ಟಲೆ ಗುರುತು ಮಾಡಿದ್ದ ಜಾಗಗಳನ್ನೆಲ್ಲ ಕಳೆದುಕೊಂಡೆ.

ಸ್ಕ್ರೀನ್ ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳುತ್ತಾರೆ, ನೀರಿಗೆ ಶಬ್ದದ ಅಲೆ ಕಳಿಸಿ ಪ್ರತಿಧ್ವನಿ ಹಿಡಿಯುವ ಟ್ರಾನ್ಸ್‌ಡ್ಯೂಸರ್ ಬಗ್ಗೆ ಯಾರೂ ಕೇಳುವುದಿಲ್ಲ. ನೀರಿನೊಳಗೆ ನೋಡುವುದು ಅದೇ ಅಲ್ವಾ? 200 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ ಕಡಿಮೆ ಆಳದ ಚಿತ್ರ ಸ್ಪಷ್ಟವಾಗಿರುತ್ತದೆ. 50 ಕಿಲೋಹರ್ಟ್ಸ್ ಜಾಸ್ತಿ ಆಳಕ್ಕೆ ಇಳಿಯುತ್ತದೆ, ಆದರೆ ವಿವರ ಕಡಿಮೆ. ಚರ್ಪ್ ಅನ್ನುವ ಬಗೆಯದು ಒಂದೇ ಫ್ರೀಕ್ವೆನ್ಸಿಯ ಬದಲು ಫ್ರೀಕ್ವೆನ್ಸಿಗಳ ಒಂದು ಸಾಲನ್ನೇ ಕಳಿಸುತ್ತದೆ. ಹಾಗಾಗಿ ಒತ್ತಾಗಿರುವ ಮೀನುಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಹಳೆಯ ಟ್ರಾನ್ಸ್‌ಡ್ಯೂಸರ್ ಹೊಸದಕ್ಕೆ ಹೊಂದುತ್ತದೆಯೇ ಅಂತ ಕೊಳ್ಳುವ ಮುಂಚೆಯೇ ನೋಡಿ. ಪ್ಲಗ್ ಕೂತ ಮಾತ್ರಕ್ಕೆ ಹೊಂದಿತು ಅಂತಲ್ಲ.

ಎಂಜಿನ್ ಸ್ಟಾರ್ಟ್ ಮಾಡಿದಾಗ ಸ್ಕ್ರೀನ್ ಆರಿ ಮತ್ತೆ ಹತ್ತಿದರೆ ಸುಮ್ನೆ ಅದನ್ನು ಬೈಯಬೇಡಿ. ಸ್ಟಾರ್ಟರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಅಷ್ಟೇ. ಫಿಶ್ ಫೈಂಡರ್‌ಗೆ ಅಂತಲೇ ಪ್ರತ್ಯೇಕ ಬ್ಯಾಟರಿ ಕೊಟ್ಟರೆ ಈ ತೊಂದರೆ ಇರುವುದಿಲ್ಲ. ಫ್ಯೂಸ್ ಹಾಕುವುದನ್ನು ಮಾತ್ರ ಬಿಡಬೇಡಿ.

ಈಚೆಗೆ ವೈರಿಂಗ್ ಮಾಡಿಸಿದವರು ಇಲ್ಲಿ ಫೋಟೋ ಹಾಕಿ.