ಪ್ರಯೋಗ ಇಲಿಯ ಮೇಲೋ, ಮನುಷ್ಯರ ಮೇಲೋ?

ಸಂಪಾದಕರೇ,

ನ್ಯಾನೊ ಕಣದಿಂದ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣದಿಂದ, ಕ್ಯಾನ್ಸರ್ ಮಾಯ ಎನ್ನುವಂಥ ತಲೆಬರಹಗಳು ಜಾಸ್ತಿಯಾಗಿವೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ನವೋಮಿ ಹ್ಯಾಲಸ್ ಮತ್ತು ಬಯೋಎಂಜಿನಿಯರ್ ಜೆನಿಫರ್ ವೆಸ್ಟ್ ಮಾಡಿದ ಕೆಲಸವನ್ನೇ ನೋಡಿ. ಸಿಲಿಕಾದ (ಮರಳಿನಲ್ಲಿರುವ ವಸ್ತು) ಅತಿ ಸಣ್ಣ ಗುಂಡು, ಅದರ ಮೇಲೆ ಚಿನ್ನದ ತೆಳು ಲೇಪ. ಗಡ್ಡೆಯೊಳಗೆ ಸೇರಿದ ಮೇಲೆ ಲೇಸರ್ ಬಿಟ್ಟರೆ ಅದು ಕಾದು ಗಡ್ಡೆಯನ್ನು ಸುಡುತ್ತದೆ. ಚಿನ್ನ ಬರೀ ಒಡವೆಗಲ್ಲ, ಅಲ್ವಾ?

ಇಲಿಗಳ ಮೇಲಿನ ಫಲಿತಾಂಶ ಬಂದದ್ದು 2003ರಲ್ಲಿ. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 16 ಗಂಡಸರ ಮೇಲಿನ ಪ್ರಯೋಗದ ವರದಿ 2019ರಲ್ಲಿ. ಅದೂ ಕಾಯಿಲೆ ಹರಡದವರಿಗೆ ಮಾತ್ರ. ಹಾಗಾಗಿ ಪ್ರಯೋಗ ಯಾರ ಮೇಲೆ ನಡೆಯಿತು ಎಂದು ಸುದ್ದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಮನೆಯಲ್ಲಿ ರೋಗಿ ಇರುವವರು ತಲೆಬರಹ ಕತ್ತರಿಸಿಟ್ಟುಕೊಂಡು ಡಾಕ್ಟರ ಬಳಿ ಓಡುತ್ತಾರೆ.

– ಒಬ್ಬ ಓದುಗ, ಹುಬ್ಬಳ್ಳಿ