ನಿನಗೊಂದು ಗಲ್ಲಾ ಹಾಕಿಟ್ಟಿದ್ದೇನೆ

ಪ್ರೀತಿಯ ಸುಧಾಕರ,

ನಿನ್ನೆ ರಾತ್ರಿ ಮಾಟುಂಗಾದಲ್ಲಿ ಕಾಫಿ ಕುಡಿಯುವಾಗ ನೀನು ಹತ್ತು ಸಲ ಮೊಬೈಲ್ ನೋಡಿದೆ. ನಾನು ಏನೂ ಕೇಳಲಿಲ್ಲ. ಮರುದಿನ ಎಷ್ಟು ಗಂಟೆಗೆ ಶೂಟಿಂಗಿಗೆ ಬರಬೇಕು ಅಂತ ಎರಡು ವರ್ಷ ಅದೇ ಹೊತ್ತಿಗೆ ಬರುತ್ತಿದ್ದ ಕಾಲ್ ಟೈಮ್ ಮೆಸೇಜು ಇನ್ನು ಬರುವುದಿಲ್ಲ ಅಂತ ಕೈಗೆ ಇನ್ನೂ ಗೊತ್ತಾಗಿಲ್ಲ, ಅಲ್ವಾ?

ಸೀರಿಯಲ್ಲಿನಿಂದ ನಿನ್ನನ್ನು ತೆಗೆದು ಹಾಕಿದ್ದನ್ನು ಎದುರು ಕೂತು ಹೇಳುವಷ್ಟೂ ಅವರಿಗೆ ಪುರುಸೊತ್ತಿರಲಿಲ್ಲ. ಬಿಡು ಮಾರಾಯ. ಕಥೆಯಲ್ಲಿ ನಿನ್ನನ್ನು ದುಬೈಗೆ ಕಳುಹಿಸಿದರು, ಫೋಟೋಗೆ ಹಾರ ಹಾಕಲಿಲ್ಲ. ನಮ್ಮ ಧಂದೆಯಲ್ಲಿ ಅದೂ ಒಂದು ಮರ್ಯಾದೆ. ಹಾರ ಹಾಕಿಸಿಕೊಂಡು ವಾಪಸ್ ಬಂದವರೂ ಇದ್ದಾರೆ ಅನ್ನು. 2000ದಲ್ಲಿ ಶುರುವಾದ ಹಿಂದಿ ಸೀರಿಯಲ್ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ'ಯಲ್ಲಿ ಮಿಹಿರ್ ಸತ್ತಾಗ ಜನ ಎಷ್ಟು ಗಲಾಟೆ ಮಾಡಿದರೆಂದರೆ ಅವನನ್ನು ಬದುಕಿಸಲೇಬೇಕಾಯಿತು. ಆಮೇಲೆ ಆ ಪಾತ್ರ ಮಾಡುತ್ತಿದ್ದ ಅಮರ್ ಉಪಾಧ್ಯಾಯ ಬಿಟ್ಟರು. ಮಿಹಿರ್ ಮಾತ್ರ ಉಳಿದ, ಸ್ವಲ್ಪ ದಿನ ಇಂದರ್ ಕುಮಾರ್, ಆಮೇಲೆ ರೋನಿತ್ ರಾಯ್ ಆಗಿ. ನನ್ನ ಅಮ್ಮ ಸ್ವಲ್ಪ ದಿನ ಗೊಣಗಿ, ಕೊನೆಗೆ ಅವರನ್ನೇ ಮಿಹಿರ್ ಅಂದಳು.

ಅದಕ್ಕೇ ಈ ಸಲ ನಿನಗೆ ಬೇರೆ ಯಾರಿಗೂ ಹೊಂದದ ಅಂಗಿಯಂಥ ಪಾತ್ರ ಹೊಲಿಯೋಣ ಅಂತ ಕೂತೆ.

ನಾನೀಗ ಬರೆಯುತ್ತಿರುವ ಸೀರಿಯಲ್ಲಿನದು ದಾದರ್‌ನ ಒಂದು ಕೂಡು ಕುಟುಂಬ. ಹಿರಿಮಗಳು ಜಗಳ ಮಾಡಿಕೊಂಡು ಮನೆ ಬಿಡುತ್ತಾಳೆ. ಹಸಿದು ಒಂದು ಉಡುಪಿ ಹೋಟೆಲಿಗೆ ಬರುತ್ತಾಳೆ. ಗಲ್ಲಾದಲ್ಲಿ ನೀನು, ವಿಠಲ ರಾವ್. ಅವಳ ಅಜ್ಜ ಮೂವತ್ತು ವರ್ಷದ ಹಿಂದೆ ಅದೇ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ಯಾರ ಜೊತೆ ಕೂರುತ್ತಿದ್ದ ಅನ್ನುವುದು ವಿಠಲನಿಗೆ ಮಾತ್ರ ಗೊತ್ತು. ಗುಟ್ಟು ಹೊತ್ತವನನ್ನು ಚಾನೆಲ್ ಬೇಗ ತೆಗೆಯುವುದಿಲ್ಲ. ಯಾವುದಕ್ಕೂ ಇರಲಿ ಅಂತ ಮೂರು ಗುಟ್ಟು ಕೊಟ್ಟಿದ್ದೇನೆ. ಉಳಿದೆರಡನ್ನು ಇಲ್ಲಿ ಬರೆಯುವುದಿಲ್ಲ, ಊರೆಲ್ಲ ಓದುತ್ತದೆ. ಒಂದಂತೂ ನನಗೇ ಇನ್ನೂ ಹೊಳೆದಿಲ್ಲ.

ಪಿಯುಸಿ ರಜೆಯಲ್ಲಿ ನೀನು ಮಾವನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದೆಯಲ್ಲ, ನನಗೆ ಅದೇ ಕಣ್ಣಲ್ಲಿದೆ. ಬಿಲ್ಲನ್ನು ಕಂಬಿಗೆ ಚುಚ್ಚುವಾಗ ಕಂಬಿ ನೋಡುತ್ತಿರಲಿಲ್ಲ, ಗಿರಾಕಿಯ ಮುಖ ನೋಡುತ್ತಿದ್ದೆ. ಚಿಲ್ಲರೆಯನ್ನು ಕೈಗೆ ಕೊಡುತ್ತಿರಲಿಲ್ಲ. ತೋರುಬೆರಳಲ್ಲಿ ಒಂದೊಂದೇ ನಾಣ್ಯ ಜಾರಿಸಿ ಸೋಂಪಿನ ತಟ್ಟೆ ಪಕ್ಕ ಸಾಲಾಗಿ ನಿಲ್ಲಿಸುತ್ತಿದ್ದೆ.

ಮೊದಲ ಸೀನ್ ಅದೇ. ಹುಡುಗಿ ಪರ್ಸ್ ತಡಕಾಡುತ್ತಾಳೆ, ದುಡ್ಡಿಲ್ಲ. ವಿಠಲ ಬಿಲ್ ಹರಿದು ಹಾಕುವುದಿಲ್ಲ. ಕಂಬಿಗೆ ಚುಚ್ಚುತ್ತಾನೆ. ತನ್ನ ಜೇಬಿನಿಂದ ನೂರರ ನೋಟು ತೆಗೆದು ಗಲ್ಲಾಕ್ಕೆ ಹಾಕುತ್ತಾನೆ. ಉಳಿದ ಚಿಲ್ಲರೆಯನ್ನು ಅವಳ ಮುಂದೆ ಜಾರಿಸುತ್ತಾನೆ, ಟ್ರೈನಿಗೆ. ಮಾತೇ ಇಲ್ಲ. ಎಡಿಟಿಂಗ್‌ನಲ್ಲಿ ನಿನ್ನ ಮುಖವನ್ನು ಮೂರು ಸಲ ತೋರಿಸಿ ಗುಡುಗು ಹಾಕದಿದ್ದರೆ ಸಾಕು.

'ಸೌತ್ ಇಂಡಿಯನ್ ಅಲ್ವಾ, ಸ್ವಲ್ಪ ಅಯ್ಯಯ್ಯೋ ಇರಲಿ' ಅಂತ ಮೀಟಿಂಗಿನಲ್ಲಿ ಒಬ್ಬರು ಅಂದರು. ನಾನು ಆಗಲ್ಲ ಅಂದೆ. ಇಷ್ಟು ವರ್ಷ ಮುಂಬಯಿಯಲ್ಲಿ ಗಿರಾಕಿ ಸಂಭಾಳಿಸಿದವನು ಅರ್ಧ ಮರಾಠಿ ಬೆರೆತ ಬಂಬೈಯಾ ಹಿಂದಿಯನ್ನೇ ಆಡುತ್ತಾನೆ. ಸಿಟ್ಟು ಬಂದಾಗ ಮಾತ್ರ ಅಡುಗೆಮನೆ ಕಡೆ ತಿರುಗಿ ತುಳುವಿನಲ್ಲಿ ಬೈಯುತ್ತಾನೆ. ಅಲ್ಲಿ ಡೈಲಾಗ್ ಬರೆದಿಲ್ಲ, ನಿನಗೆ ಬಿಟ್ಟಿದ್ದೇನೆ. ಹೇಗೂ ಅವರಿಗೆ ಅರ್ಥ ಆಗುವುದಿಲ್ಲ.

ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಸದ್ಯಕ್ಕೆ 12 ದಿನದ ಕೆಲಸ. ದಿನದ ರೇಟು ನಿನಗೆ ಮೊದಲಿದ್ದದ್ದಕ್ಕಿಂತ ಕಡಿಮೆ. ದುಡ್ಡು ಕೈಗೆ ಬರುವುದು ಎಂದಿನ ಹಾಗೆ 90 ದಿನ ಆದ ಮೇಲೆ. ಮುಂದಿನದು ಗುರುವಾರದ ಟಿಆರ್‌ಪಿ ನೋಡಿ.

ವೇಷ ಹಾಕಿ ನೋಡುವ ಲುಕ್ ಟೆಸ್ಟ್ ಬುಧವಾರ, ನಾಯ್ಗಾಂವ್ ಸೆಟ್ಟಿನಲ್ಲಿ. ವಿರಾರ್ ಲೋಕಲ್ ಹಿಡಿ, ರಿಕ್ಷಾಕ್ಕೆ ಸುಮ್ನೆ ದುಡ್ಡು ಸುರಿಯಬೇಡ. ಈ ಒಂದು ತಿಂಗಳ ಗಡ್ಡ ಬೋಳಿಸು, ಮೀಸೆ ಇರಲಿ. ಮತ್ತೆ, ಮಾವನ ಹೋಟೆಲಿನ ಆ ಬಿಲ್ ಕಂಬಿ ಮನೆಯಲ್ಲಿ ಎಲ್ಲಾದರೂ ಇದ್ದರೆ ತಾ. ಆರ್ಟ್‌ನವರು ತಂದಿಟ್ಟದ್ದು ತೀರಾ ಹೊಸದು, ಫಳಫಳ ಹೊಳೆಯುತ್ತಿದೆ.

ನಿನ್ನ,
ರಘು